ಮೊದಲು ಟೆಸ್ಟ್, ಆಮೇಲೆ ಟೆನ್ಶನ್ ಮಾತು

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಒಬ್ಬ ಹುಡುಗಿಯ ಪ್ರಶ್ನೆ ಬಂದಿತ್ತು. ಮುಟ್ಟಿನ ಡೇಟ್ ದಾಟಿ 12 ದಿನ ಆಗಿದೆ, ಕೆಲಸದಲ್ಲಿ ಒತ್ತಡ ಜಾಸ್ತಿ, ಇದು ಟೆನ್ಶನ್‌ನಿಂದ ಆಗಿದ್ದೋ ಅಥವಾ ನಾನು ಗರ್ಭಿಣಿಯೋ ಅಂತ. ಉತ್ತರ ನಾಲ್ಕೇ ಸಾಲು. ಒತ್ತಡ ಕಡಿಮೆ ಮಾಡಿಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ, ಯೋಚನೆ ಬಿಡಿ, ಮುಂದಿನ ತಿಂಗಳು ಸರಿಹೋಗುತ್ತದೆ. ಅವಳು ಕೇಳಿದ್ದು ಒಂದು, ಇವರು ಹೇಳಿದ್ದು ಇನ್ನೊಂದು. ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ ಎನ್ನುವ ಮಾತೇ ಅದರಲ್ಲಿ ಇಲ್ಲ. ಪೇಪರ್ ಮಡಚಿಟ್ಟೆ, ಮತ್ತೆ ಬಿಚ್ಚಿ ಇನ್ನೊಂದು ಸಲ ಓದಿದೆ, ಸಿಟ್ಟು ಇಳಿಯಲಿಲ್ಲ. ಅದಕ್ಕೇ ಈ ಪತ್ರ.

ಸಿಟ್ಟು ಯಾಕೆ ಅಂದರೆ, ಇದೇ ಉತ್ತರ ನನಗೂ ಒಂದು ಸಲ ಸಿಕ್ಕಿತ್ತು. ನನ್ನ ಮುಟ್ಟು ಸಾಮಾನ್ಯವಾಗಿ 29 ದಿನಕ್ಕೊಮ್ಮೆ. ಓದುವ ದಿನಗಳಲ್ಲಿ ಒಮ್ಮೆ, ಪರೀಕ್ಷೆಯ ಗಲಾಟೆಯಲ್ಲಿ, ಅದು 46 ದಿನಕ್ಕೆ ಹೋಗಿತ್ತು. ಆಗ ನಿಜಕ್ಕೂ ಟೆನ್ಶನ್ನೇ ಕಾರಣ ಇರಬೇಕು, ಪರೀಕ್ಷೆ ಮುಗಿದ ಮೇಲೆ ತಾನಾಗಿ ಬಂತು. ಎಷ್ಟೋ ವರ್ಷ ಆದ ಮೇಲೆ, ಹೊಸ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮತ್ತೆ 9 ದಿನ ಮುಂದೆ ಹೋಯಿತು. ಡಾಕ್ಟರ್ ಹತ್ತಿರ ಹೋದೆ. ಕೆಲಸ ಹೇಗಿದೆ ಅಂತ ಕೇಳಿದರು, ಹೇಳಿದೆ. ಟೆನ್ಶನ್ ಅಷ್ಟೇ ಅಂದರು, ಮುಟ್ಟು ಬರಲಿ ಅಂತ 5 ದಿನದ ಮಾತ್ರೆ ಬರೆದುಕೊಟ್ಟರು. ಟೆಸ್ಟ್ ಅಂತ ಅವರೂ ಹೇಳಲಿಲ್ಲ, ಹಿಂದೆ ಒಂದು ಸಲ ಹೀಗೇ ಆಗಿತ್ತಲ್ಲ ಅಂತ ನಾನೂ ಕೇಳಲಿಲ್ಲ. ಮಾತ್ರೆ ಮುಗಿಸಿ ಒಂದು ವಾರ ಕಾದೆ. ಏನೂ ಇಲ್ಲ. ಆಮೇಲೆ ಕಿಟ್ ತಂದು ನೋಡಿದರೆ, ಎರಡನೇ ಗೆರೆ ಮೂಡಲು ನಿಮಿಷವೂ ಬೇಕಾಗಲಿಲ್ಲ. ಸ್ಕ್ಯಾನ್ ಮಾಡಿದಾಗ 7 ವಾರ.

ಮಗು ಚೆನ್ನಾಗಿದೆ. ಆದರೆ ಆ 5 ಮಾತ್ರೆಗಳನ್ನು ನೆನೆದು ಅಷ್ಟೂ ತಿಂಗಳು ನಾನು ಪಟ್ಟ ಸಂಕಟ ಯಾರಿಗೂ ಬೇಡ. ಐದು ನಿಮಿಷದ ಟೆಸ್ಟ್ ಒಂದಿದ್ದಿದ್ದರೆ ಸಾಕಿತ್ತು.

ಒತ್ತಡದಿಂದ ಮುಟ್ಟು ತಡವಾಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ. ಮೆದುಳಿನಲ್ಲಿ ಹೈಪೋಥಲಾಮಸ್ ಅಂತ ಒಂದು ಪುಟ್ಟ ಭಾಗ ಇದೆ, ಅಂಡಾಶಯಕ್ಕೆ ಕೆಲಸ ಶುರು ಮಾಡು ಅಂತ ಸೂಚನೆ ಹೊರಡುವುದು ಅಲ್ಲಿಂದ. ನಿದ್ದೆಗೆಟ್ಟಾಗ, ಸಾವು ನೋವು ಕಂಡಾಗ, ಊಟ ಬಿಟ್ಟು ದುಡಿಯುವಾಗ, ಆ ಸೂಚನೆ ಮಂದವಾಗುತ್ತದೆ. ಅಂಡ ಹೊರಬೀಳುವುದು ತಡವಾಗುತ್ತದೆ, ಕೆಲವೊಮ್ಮೆ ಆ ತಿಂಗಳು ಹೊರಬೀಳುವುದೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಂಡ ಹೊರಬಿದ್ದ ಮೇಲೆ ಮುಟ್ಟಿಗೆ ಹೆಚ್ಚು ಕಡಿಮೆ ಎರಡು ವಾರ, ಅದು ಅಷ್ಟಾಗಿ ಬದಲಾಗುವುದಿಲ್ಲ. ಎಳೆದಾಡುವುದೆಲ್ಲ ಅದಕ್ಕಿಂತ ಮುಂಚಿನ ದಿನಗಳಲ್ಲಿ. ಅಂದರೆ ಡೇಟಿಗೆ ಎರಡು ದಿನ ಇರುವಾಗ ಬಾಸ್ ಜೊತೆ ಜಗಳ ಆಯಿತು, ಅದಕ್ಕೇ ಮುಟ್ಟು ನಿಂತಿತು ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. ಒತ್ತಡ ಕಾರಣವಾಗಿದ್ದರೆ ಅದನ್ನು ಮೂರು ನಾಲ್ಕು ವಾರ ಹಿಂದೆ ಹುಡುಕಬೇಕು. ಕ್ಯಾಲೆಂಡರ್ ತೆಗೆದು ನೋಡಿ, ಕಳೆದ ಮುಟ್ಟು ಮುಗಿದ ವಾರ ನೀವು ಹೇಗಿದ್ದಿರಿ ಅಂತ. ಆ ವಾರ ಎಲ್ಲ ತಣ್ಣಗಿದ್ದು, ತಲೆಬಿಸಿ ಶುರುವಾಗಿದ್ದೇ ಡೇಟ್ ದಾಟಿದ ಮೇಲೆ ಅಂತಾದರೆ, ನಿಮ್ಮ ಟೆನ್ಶನ್‌ಗೆ ಮುಟ್ಟು ಕಾರಣವೇ ಹೊರತು ಮುಟ್ಟಿಗೆ ಟೆನ್ಶನ್ ಕಾರಣ ಅಲ್ಲ.

ಇನ್ನೊಂದು ವಿಷಯ. ಟೆನ್ಶನ್ನೋ ಗರ್ಭವೋ ಅಂತ ಎಲ್ಲರೂ ಕೇಳುತ್ತೇವೆ, ಎರಡೂ ಒಟ್ಟಿಗೆ ಇರಬಹುದು ಅಂತ ಹೊಳೆಯುವುದೇ ಇಲ್ಲ. ಒತ್ತಡದಿಂದ ಅಂಡ ಹತ್ತು ದಿನ ತಡವಾಗಿ ಹೊರಬಿತ್ತು ಅಂದುಕೊಳ್ಳಿ. ಸೇಫ್ ಡೇಸ್ ಅಂತ ನಂಬಿಕೊಂಡಿದ್ದ ದಿನಗಳು ಆಗ ಸೇಫ್ ಆಗಿ ಉಳಿದಿರುವುದಿಲ್ಲ. ಆಗಲೇ ಗರ್ಭ ನಿಂತರೆ, ಡೇಟ್ ದಿನ ಮಾಡಿದ ಟೆಸ್ಟ್ ನೆಗೆಟಿವ್ ಬರುತ್ತದೆ. ಟೆಸ್ಟ್ ಹುಡುಕುವುದು ಎಚ್‌ಸಿಜಿ ಅನ್ನುವ ಹಾರ್ಮೋನನ್ನು. ಅದು ಮೂತ್ರದಲ್ಲಿ ಸಿಗುವುದು ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ, ಅಂದರೆ ಅಂಡ ಹೊರಬಿದ್ದು ಸುಮಾರು 6ರಿಂದ 12 ದಿನ ಆದ ಮೇಲೆ. ಅಲ್ಲಿಂದ ಅದು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅದಕ್ಕೇ ಒಂದು ನೆಗೆಟಿವ್ ನೋಡಿ ನಿಟ್ಟುಸಿರು ಬಿಟ್ಟು ಮರೆತುಬಿಡಬೇಡಿ. ಮುಟ್ಟು ಬರದೇ ಇದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಡೇಟೇ ಸರಿಯಾಗಿ ಗೊತ್ತಿಲ್ಲದವರು, ಯಾವಾಗಲೂ ಏರುಪೇರು ಆಗುವವರು, ಮುಂಜಾಗ್ರತೆ ಇಲ್ಲದೆ ಕೊನೆಯ ಸಲ ಸೇರಿದ ದಿನದಿಂದ 21 ದಿನ ಎಣಿಸಿ ಟೆಸ್ಟ್ ಮಾಡಿದರೆ ಆ ಫಲಿತಾಂಶವನ್ನು ನಂಬಬಹುದು. ಸೇರಿದ್ದೇ ಇಲ್ಲ ಅಂದರೆ ಈ ಯೋಚನೆಯೇ ಬೇಡ.

ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಒಳ್ಳೆಯದು, ರಾತ್ರಿಯೆಲ್ಲ ಕೂಡಿಟ್ಟು ಗಟ್ಟಿಯಾಗಿರುತ್ತದೆ. ಲೋಟಗಟ್ಟಲೆ ನೀರು ಕುಡಿದು ಮಾಡಿದರೆ ತೆಳುವಾಗಿ, ಶುರುವಿನ ದಿನಗಳಲ್ಲಿ ಇದ್ದ ಗೆರೆಯೂ ಕಾಣದೆ ಹೋಗಬಹುದು. ಮಸುಕು ಗೆರೆಯ ಪುರಾಣವೇ ಬೇರೆ. ನನ್ನ ಗೆಳತಿ ಒಬ್ಬಳು ಪಟ್ಟಿಯನ್ನು ಕಿಟಕಿ ಹತ್ತಿರ ಹಿಡಿದು ನೋಡಿದಳು, ಟ್ಯೂಬ್‌ಲೈಟ್ ಕೆಳಗೆ ನೋಡಿದಳು, ಮೊಬೈಲ್ ಟಾರ್ಚ್ ಹಾಕಿ ಫೋಟೋ ತೆಗೆದು ನನಗೆ ಕಳಿಸಿದಳು, ಇದು ಗೆರೆನಾ ಅಥವಾ ನನ್ನ ಕಣ್ಣಾ ಅಂತ. ಪೊಟ್ಟಣದ ಮೇಲೆ ಬರೆದ ನಿಮಿಷದೊಳಗೆ ಬಣ್ಣದ ಗೆರೆ ಮೂಡಿದರೆ, ಎಷ್ಟೇ ಮಸುಕಾಗಿರಲಿ, ಅದು ಗೆರೆಯೇ. ಅದೇ ಪಟ್ಟಿಯನ್ನು ಕಸದ ಬುಟ್ಟಿಯಿಂದ ಸಂಜೆ ಎತ್ತಿ ನೋಡಿದರೆ, ಒಣಗಿದ ಗುರುತು ಬೂದು ಬಣ್ಣದಲ್ಲಿ ಕಾಣಬಹುದು. ಅದನ್ನು ನಂಬಬೇಡಿ. ಅವಳದ್ದು ನಿಮಿಷದೊಳಗೆ ಬಂದಿದ್ದು. ಎರಡು ದಿನ ಬಿಟ್ಟು ಮಾಡಿದಾಗ ಟಾರ್ಚ್ ಬೇಕಾಗಲಿಲ್ಲ.

1930ರ ದಶಕದಲ್ಲಿ ಇದೇ ವಿಷಯ ತಿಳಿಯಲು ಹೆಂಗಸಿನ ಮೂತ್ರವನ್ನು ಆಫ್ರಿಕಾದ ಒಂದು ಜಾತಿಯ ಹೆಣ್ಣು ಕಪ್ಪೆಗೆ ಚುಚ್ಚಿ, ಒಂದು ದಿನದೊಳಗೆ ಅದು ಮೊಟ್ಟೆ ಇಡುತ್ತದಾ ಅಂತ ಕಾಯುತ್ತಿದ್ದರಂತೆ. ಈಗ ಕಪ್ಪೆ ಬೇಡ, ಲ್ಯಾಬ್ ಬೇಡ. ಆದರೂ ನಾವು ಲಕ್ಷಣ ಎಣಿಸುತ್ತಾ ಕೂರುತ್ತೇವೆ! ಎದೆ ಭಾರ, ಸುಸ್ತು, ಹೊಟ್ಟೆ ಉಬ್ಬರ, ಸುಮ್ನೆ ಅಳು. ಇವೆಲ್ಲ ಮುಟ್ಟಿಗೆ ಮುಂಚೆಯೂ ಬರುತ್ತವೆ, ಬಸಿರಿನ ಶುರುವಿನಲ್ಲೂ ಬರುತ್ತವೆ, ಎರಡು ಕಡೆಯೂ ಪ್ರೊಜೆಸ್ಟರಾನ್ ಹಾರ್ಮೋನಿನ ಕೈವಾಡ ಇದೆ. ವಾಂತಿ ಇಲ್ಲ, ಹಾಗಾದರೆ ಏನೂ ಇಲ್ಲ ಅನ್ನುವವರಿಗೂ ಒಂದು ಮಾತು. ವಾಂತಿ ಎಷ್ಟೋ ಜನರಿಗೆ ಶುರುವಾಗುವುದೇ ಆರನೇ ವಾರದ ಹೊತ್ತಿಗೆ. ಡೇಟ್ ತಪ್ಪಿದಾಗ ಇನ್ನೂ ನಾಲ್ಕನೇ ವಾರ. ವಾರದ ಲೆಕ್ಕ ಶುರುವಾಗುವುದು ಕಳೆದ ಮುಟ್ಟಿನ ಮೊದಲ ದಿನದಿಂದ, ಇದನ್ನು ಕೇಳಿ ಗಾಬರಿ ಬಿದ್ದವರನ್ನು ನಾನು ನೋಡಿದ್ದೇನೆ.

ಟೆಸ್ಟ್ ಎರಡು ಸಲವೂ ನೆಗೆಟಿವ್ ಬಂತು ಅನ್ನಿ. ಆಗ ಟೆನ್ಶನ್ ವಿಷಯ ಮಾತಾಡೋಣ. ಆಗಲೂ ಅದೊಂದೇ ಅಲ್ಲ. ಥೈರಾಯ್ಡ್, ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆ, ಕಡಿಮೆ ದಿನದಲ್ಲಿ ತೂಕ ಇಳಿಸಿದ್ದು, ಮಿತಿಮೀರಿದ ವ್ಯಾಯಾಮ, ಎದೆಹಾಲು ಕೊಡುವುದು, ನಲವತ್ತು ದಾಟಿದ ವಯಸ್ಸು. ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡಿದ್ದರೂ ಆ ಸಲದ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗುತ್ತದೆ, ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಅಲ್ಲೂ ಮತ್ತೆ ಟೆಸ್ಟೇ ಮೊದಲು. ಮೂರು ತಿಂಗಳು ಬರಲೇ ಇಲ್ಲ ಅಂದರೆ ಡಾಕ್ಟರ್ ನೋಡಲೇಬೇಕು. ಮುಟ್ಟು ತಡವಾಗಿ, ಹೊಟ್ಟೆಯ ಒಂದೇ ಕಡೆ ಜೋರು ನೋವು, ರಕ್ತ ಕಾಣುವುದು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವ ಹಾಗೆ ಆಗುವುದು ಇದ್ದರೆ ಯಾವ ಲೆಕ್ಕಾಚಾರಕ್ಕೂ ಕೂರದೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಗರ್ಭ ಗರ್ಭಕೋಶದಲ್ಲಿ ಅಲ್ಲದೆ ಪಕ್ಕದ ನಳಿಕೆಯಲ್ಲಿ ನಿಂತಿದ್ದರೆ ಅದು ಜೀವಕ್ಕೇ ಅಪಾಯ.

ಟೆಸ್ಟ್ ಮಾತು ಬರದಿದ್ದಕ್ಕೆ ಕಾರಣ ಮರೆವಲ್ಲ, ಮುಜುಗರ ಅಂತ ನನ್ನ ಅನುಮಾನ. ಮದುವೆ ಆಗದ ಹುಡುಗಿ ಅಂತ ಕಂಡರೆ ಕೇಳುವವರಿಗೇ ಬಾಯಿ ಬರುವುದಿಲ್ಲ. ಟೆನ್ಶನ್ ಅಂದುಬಿಟ್ಟರೆ ಇಬ್ಬರಿಗೂ ಸಲೀಸು, ಅಲ್ವಾ? ಆದರೆ ಆ ಹುಡುಗಿ ತನ್ನ ಪ್ರಶ್ನೆಯಲ್ಲಿ ಗರ್ಭದ ಮಾತನ್ನು ತಾನಾಗಿಯೇ ಬರೆದಿದ್ದಳು. ಅಷ್ಟು ಬರೆಯಲು ಅವಳಿಗೆ ಧೈರ್ಯ ಬೇಕಾಗಿತ್ತು, ಉತ್ತರ ಬರೆದವರು ಅದನ್ನು ಓದಿಯೂ ಪಕ್ಕಕ್ಕೆ ಸರಿಸಿದರು.

ಅವಳು ಪ್ರಶ್ನೆ ಕಳಿಸಿದ ದಿನಕ್ಕೇ 12 ದಿನ. ಅದು ಅಚ್ಚಾಗಿ ಬರುವಷ್ಟರಲ್ಲಿ ಇನ್ನೂ ಎಷ್ಟು ದಿನ ಸೇರಿದೆಯೋ. ಮುಂದಿನ ತಿಂಗಳವರೆಗೆ ಕಾಯಿರಿ ಅನ್ನುವ ಮಾತನ್ನು ಅವಳು ನಂಬಿ ಕೂತಿರಬಹುದು. ದಯವಿಟ್ಟು ಅದೇ ಪುಟದಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿ: ನಾಳೆ ಬೆಳಿಗ್ಗೆ ಎದ್ದ ಕೂಡಲೇ ಟೆಸ್ಟ್ ಮಾಡಿಕೊಳ್ಳಮ್ಮಾ, ಅಲ್ಲಿಯವರೆಗೆ ಮುಟ್ಟು ಬರಿಸುವ ಮಾತ್ರೆ ನುಂಗಬೇಡ ಅಂತ.

ಇತಿ,
ನಿಮ್ಮ ಓದುಗಿ
(ಹೆಸರು ಹಾಕಬೇಡಿ)