ದೇಣಿಗೆ ರಸೀದಿ ಸಾಕು, ಪಾಲಕರಿಗೆ ಮೆಂಬರ್‌ಶಿಪ್ ಕೊಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಾಗ ಗಂಗಾವತಿಯಾಗ ಮಕ್ಕಳಿಗೆ ಗೋಡಿ ಏರೋದು ಕಲಿಸೋ ಕ್ಲೈಂಬಿಂಗ್ ಸೆಂಟರ್ ಬಂದ್ ಆಗಿದ್ದರ ಬಗ್ಗೆ ಸುದ್ದಿ ಬಂದಿತ್ತು, ಪಾಲಕರ ರಾಜಕೀಯದಿಂದ ಮಕ್ಕಳ ಭವಿಷ್ಯ ಹಾಳು ಅಂತ. ಸೆಂಟರ್ ನಡೆಸೋ ಸಂಘದ ಅಧ್ಯಕ್ಷರ ಫೋಟೋ ಇತ್ತು, ಅವರ ಹೇಳಿಕೆ ಇತ್ತು, ಪಾಲಕರದು ಒಂದು ಮಾತೂ ಇರ್ಲಿಲ್ಲ. ನನ್ನ ಇಬ್ಬರು ಮಕ್ಕಳು ಅಲ್ಲೇ ಕಲಿಯೋರು, ಹಂಗಾಗಿ ನಮ್ಮ ಕಡೆ ಏನೈತಿ ಅಂತ ಬರೀತಿದ್ದೀನಿ. ಪತ್ರ ಉದ್ದ ಆದ್ರ ಎಲ್ಲಿ ಬೇಕಾದ್ರೂ ಕತ್ತರಿಸ್ರಿ, ಹಗ್ಗದ ವಿಷಯ ಮಾತ್ರ ಬಿಡಬ್ಯಾಡ್ರಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಹಂಪಿ ಹತ್ರದ ಆನೆಗೊಂದಿ, ಸಾಣಾಪುರ ಕಡೆ ಚಳಿಗಾಲದಾಗ ಫಾರಿನ್ ಮಂದಿ, ಬಿದ್ರ ಪೆಟ್ಟಾಗಬಾರದಂತ ಕೆಳಗ ಹಾಸೋ ದಪ್ಪ ಗಾದಿ ಬೆನ್ನಿಗೆ ಕಟ್ಕೊಂಡು ಬಂಡೆ ಹುಡುಕ್ತಾ ಅಡ್ಡಾಡೋದನ್ನ ನಾವೆಲ್ಲ ನೋಡೀವಿ, ಇವರಿಗೇನು ಹುಚ್ಚೇನು ಅಂತ ನಕ್ಕೀವಿ. ಆ ಗಾದಿ ಬಾಡಿಗಿ ಕೊಡ್ತಾ, ಅವರ ಜೋಡಿ ಬಂಡೆ ಏರ್ತಾ ಏರ್ತಾ ನಮ್ಮ ಕಡೆ ಹುಡುಗ್ರು ಕೆಲವರು ಭಾಳ ಚಲೋ ಕ್ಲೈಂಬರ್ ಆದ್ರು. 2020ರಾಗ ಸುಪ್ರೀಂ ಕೋರ್ಟ್ ತೀರ್ಪು ಬಂದು ಹಂಪಿ ಎದುರಿನ ವಿರೂಪಾಪುರ ಗಡ್ಡಿ ರೆಸಾರ್ಟ್ ಎಲ್ಲ ತೆರವಾದ ಮ್ಯಾಲ ಇಂಥ ಎಷ್ಟೋ ಹುಡುಗ್ರಿಗೆ ಕೆಲಸ ಇಲ್ಲದಂಗಾತು. ಅಂಥ ಒಬ್ಬ ಹುಡುಗನ್ನ ಕೋಚ್ ಅಂತ ಇಟ್ಕೊಂಡು, ಬಂದ್ ಬಿದ್ದಿದ್ದ ರೈಸ್ ಮಿಲ್ ಗೋಡೌನ್ ಒಳಗ ಗೋಡಿ ಕಟ್ಟಿ ಮಕ್ಕಳಿಗೆ ಕಲಿಸೋಣು ಅಂತ ಊರಿನ ಕೆಲವರು ಸೇರಿ ಸಂಘ ರಿಜಿಸ್ಟರ್ ಮಾಡಿಸಿದ್ರು. ಲಾಭಕ್ಕಲ್ಲ, ಸೇವಾಕ್ಕ ಅಂತ. ಒಳ್ಳೇ ವಿಚಾರ, ಇವತ್ತಿಗೂ ಹಂಗ ಅಂತೀನಿ. ಭತ್ತದ ಚೀಲ ಪೇರಿಸಾಕ ಕಟ್ಟಿದ್ದ ಗೋಡೌನ್ ಅಂದ್ರ ಎತ್ತರಕ್ಕೇನೂ ಕಮ್ಮಿ ಇಲ್ಲ, ಏಪ್ರಿಲ್ ಮೇದಾಗ ತಗಡಿನ ಕೆಳಗ ಕೈ ಬೆವರಿ, ಗೋಡಿ ಮ್ಯಾಲ ಹಿಡಿಯೋ ಹೋಲ್ಡ್ ಜಾರ್ತಾವ ಅನ್ನೋದೊಂದು ಬಿಟ್ರ.

ಗೋಡಿ ಕಟ್ಟಿದವರು ಯಾರು ಅಂತ ಸುದ್ದಿಯಾಗ ಬರಲಿಲ್ಲ. ಸಂಘದ ಕಮಿಟಿ ರೊಕ್ಕ ತಂದಿದ್ದು ಖರೆ, ಕಂಪನಿಗಳು ಸಮಾಜಸೇವಾಕ್ಕ ಕೊಡೋ ಸಿಎಸ್‌ಆರ್ ರೊಕ್ಕ ತಂದ್ರು, ಊರಿನ ವ್ಯಾಪಾರಸ್ಥರ ಹತ್ರ ಕೈ ಚಾಚಿದ್ರು. ಆದ್ರ ಕಬ್ಬಿಣದ ಫ್ರೇಮ್ ವೆಲ್ಡಿಂಗ್ ಮಾಡಿದಾವ ಒಬ್ಬ ಪಾಲಕ, ಕೂಲಿ ತಗೊಳ್ಳಲಿಲ್ಲ. ಪ್ಲೈವುಡ್ ಕೊರದು ನಟ್ ಕೂಡಿಸಿದಾವ ಇನ್ನೊಬ್ಬ. ಕೆಳಗ ಹಾಸಿದ ಫೋಮ್ ಗಾದಿಗೆ ರೆಕ್ಸಿನ್ ಕವರ್ ಹೊಲದಾಕಿ ಟೇಲರಿಂಗ್ ಮಾಡೋ ನಮ್ಮ ಓಣಿ ಹೆಣ್ಮಗಳು, ಆಕಿ ಮಗಳೂ ಅಲ್ಲೇ ಕಲಿಯೋದು. ಅದರ ಮ್ಯಾಲ ತಿಂಗಳ ತಿಂಗಳ ಎಲ್ಲರೂ ರೊಕ್ಕ ಕೊಡ್ತೀವಿ, ಅದಕ್ಕ ರಸೀದಿ ಬರ್ತೈತಿ, ರಸೀದಿ ಮ್ಯಾಲ "ದೇಣಿಗೆ" ಅಂತ ಇರ್ತೈತಿ. ದೇಣಿಗೆ ಅಂದ್ಮ್ಯಾಲ ಒಂದು ತಿಂಗಳು ಕೊಡದಿದ್ರ ಮಗನ ಹೆಸರು ಹಾಜರಿ ಪಟ್ಟಿಯಿಂದ ಯಾಕ ಹೊಡೀತೀರಿ ಅಂತ ಒಬ್ಬರು ಕೇಳಿದ್ರು, ಉತ್ತರ ಬರಲಿಲ್ಲ.

ಈಗ ಹಗ್ಗದ ಕಥಿ. ಗೋಡಿ ಏರೋ ಹುಡುಗ ಸೊಂಟಕ್ಕ ಹಾರ್ನೆಸ್ ಅನ್ನೋ ಪಟ್ಟಿ ಹಾಕಿ ಹಗ್ಗ ಕಟ್ಕೊಂಡಿರ್ತಾನ, ಹಗ್ಗ ಮ್ಯಾಲ ಹೋಗಿ ಸುತ್ತಿ ಕೆಳಗ ಬರ್ತೈತಿ, ಕೆಳಗ ಇನ್ನೊಬ್ಬರು ಅದನ್ನ ಹಗ್ಗ ತಡಿಯೋ ಡಿವೈಸ್ ಒಳಗ ಹಾಕಿ ಹಿಡಿದಿರ್ತಾರ, ಅದಕ್ಕ ಬಿಲೇ ಅಂತಾರ. ಹುಡುಗ ಕೈ ಬಿಟ್ರ ಅವನ ಪೂರಾ ಭಾರ ಆ ಒಂದು ಹಗ್ಗದ ಮ್ಯಾಲ. ಒಂದಿನ ಕ್ಲಾಸ್ ಮುಗಿದು ಹಗ್ಗ ಸುತ್ತಿ ಇಡೋ ಹೊತ್ತಿಗೆ ಆ ಟೇಲರ್ ಹೆಣ್ಮಗಳು ಕೈಯಾಡಿಸಿ ನೋಡಿ ಇಲ್ಲೇನೋ ಮೆತ್ತಗ ಆಗೈತಿ ಅಂದ್ಲು. ಕೋಚ್ ಬಂದು ಅದೇ ಜಾಗ ಮಡಚಿ ಹಿಡಿದ. ಚಲೋ ಹಗ್ಗ ಮಡಚಿದ್ರ ದುಂಡಗ ಬಾಗ್ತೈತಿ, ಇದು ಕಾಗದ ಮಡಚಿದಂಗ ಚಪ್ಪಟ ಆತು. ಅಂದ್ರ ಮ್ಯಾಲಿನ ಕವಚ ನೆಟ್ಟಗ ಕಂಡ್ರೂ ಒಳಗಿನ ಎಳೆ ಕೆಟ್ಟಾವ ಅಂತ ಅರ್ಥ. ಅವ ಎರಡು ಮಾತಾಡಲಿಲ್ಲ, ಚಾಕು ತಗೊಂಡು ಹಗ್ಗನ್ನ ತುಂಡು ತುಂಡು ಮಾಡಿ ಮೂಲಿಗೆ ಒಗೆದ. ಯಾಕಪಾ ಹಂಗ ಕೊಯ್ದಿ ಅಂತ ನಾವು ಕೇಳಿದ್ರ, ಇಡೀ ಹಗ್ಗ ಬಿಟ್ರ ನಾಳೆ ಯಾರಾದ್ರೂ ಗೊತ್ತಿಲ್ಲದ ಮತ್ತ ಕಟ್ಕೊಂತಾರಿ, ಅದಕ್ಕ ಅಂದ. ಎಲ್ಲಾ ಕಡೆ ಕ್ಲೈಂಬಿಂಗ್ ಮಾಡೋರ ಪದ್ಧತಿ ಇದ. ಹಗ್ಗ ಮಾಡೋ ಕಂಪನಿಗಳೇ ಹೇಳ್ತಾವ, ಒಮ್ಮೆನೂ ಬಳಸದ ಇಟ್ರೂ ಹತ್ತು ವರ್ಷದ ಮ್ಯಾಲ ಉಪಯೋಗಿಸಬ್ಯಾಡ್ರಿ ಅಂತ, ದಿನಾ ಹುಡುಗ್ರು ಜೋತುಬೀಳೋ ಹಗ್ಗ ಅದಕ್ಕಿಂತ ಎಷ್ಟೋ ಮೊದಲ ಹೋಗ್ತೈತಿ.

ಕಮಿಟಿಗೆ ಇದು ಕಂಡಿದ್ದ ಬ್ಯಾರೆ ರೀತಿ. ಸಂಸ್ಥೆ ಆಸ್ತಿನ ಅನುಮತಿ ಇಲ್ಲದ ನಾಶ ಮಾಡ್ಯಾನ ಅಂತ ಕೋಚ್‌ಗೆ ನೋಟಿಸ್ ಕೊಟ್ರು. ಹೊಸ ಹಗ್ಗ ತುಟ್ಟಿ ಅಂತ ಒಬ್ಬ ಪದಾಧಿಕಾರಿ, ಹೆಸರು ಬ್ಯಾಡ, ಬೋರ್‌ವೆಲ್ ಮೋಟರ್ ಎತ್ತೋ ಹಗ್ಗ ತಂದ್ರ ಆಗೂದಿಲ್ಲೇನು, ಅದು ಅಷ್ಟು ದೊಡ್ಡ ಮೋಟರ್ ತಡೀತೈತಿ ನಿಮ್ಮ ಹುಡುಗನ್ನ ತಡಿಯೂದಿಲ್ಲೇನು ಅಂದ್ರು. ಅವರಿಗೆ ನಮಸ್ಕಾರ. ಕ್ಲೈಂಬಿಂಗ್ ಹಗ್ಗಕ್ಕ ಗಟ್ಟಿ ಇದ್ರ ಸಾಲೂದಿಲ್ರಿ, ಬೀಳೋ ಹೊತ್ತಿನಾಗ ಸ್ವಲ್ಪ ಹಿಗ್ಗಿ ಬಿದ್ದ ಪೆಟ್ಟು ನುಂಗ್ಬೇಕು, ಹಿಗ್ಗದ ಹಗ್ಗದ ಮ್ಯಾಲ ಬಿದ್ರ ಹಗ್ಗ ಉಳೀತೈತಿ, ಹುಡುಗನ ಸೊಂಟ ಉಳಿಯೂದಿಲ್ಲ. ಇದನ್ನ ಕೋಚ್ ಹೇಳಿದ. ಅದಾದ ಮುಂದಿನ ವಾರ ಅವ ಕೆಲಸದಾಗ ಇರ್ಲಿಲ್ಲ. ವಾಟ್ಸಾಪ್ ಗ್ರೂಪ್‌ನಾಗ ಒಂದು ಸಾಲು ಬಂತು, ಆಡಳಿತಾತ್ಮಕ ಕಾರಣದಿಂದ ಕೋಚ್ ಬದಲಾಗ್ಯಾರ, ಸಹಕರಿಸಿ. ಯಾವ ಕಾರಣ ಅಂತ ಪಾಲಕರು ಕೇಳೋದಕ್ಕ ಶುರು ಮಾಡಿದ್ರು ನೋಡ್ರಿ, ಅಡ್ಮಿನ್ ಬಿಟ್ಟು ಯಾರೂ ಮೆಸೇಜ್ ಹಾಕದಂಗ ಗ್ರೂಪ್ ಲಾಕ್ ಮಾಡಿದ್ರು.

ಆಮ್ಯಾಲ ಒಂದು ಫಾರಂ ಬಂತು. ಸಂಸ್ಥೆ ಬಗ್ಗೆ ಸೋಶಿಯಲ್ ಮೀಡಿಯಾದಾಗ, ಪೇಪರ್‌ನಾಗ ಏನೂ ಬರಿಯೂದಿಲ್ಲ, ಆಡಳಿತದ ವಿಷಯದಾಗ ಪ್ರಶ್ನೆ ಮಾಡೂದಿಲ್ಲ ಅಂತ ಪಾಲಕರು ಸಹಿ ಮಾಡಬೇಕಂತ, ಇಲ್ಲಂದ್ರ ಮಗುಗೆ ಪ್ರವೇಶ ಇಲ್ಲ. ಭಾಳ ಮಂದಿ ಮಾಡಲಿಲ್ಲ. ಕೆಲವರು ಮಾಡಿದ್ರು, ಅವರನ್ನ ಬೈಯೂದಿಲ್ಲ, ಮಗಳು ಕಾಂಪಿಟೇಷನ್‌ಗೆ ತಯಾರಾಗ್ತಿದ್ರ ಯಾವ ತಾಯಿ ಏನು ಮಾಡ್ಯಾಳು. ಮರುವಾರ ಗೇಟಿಗೆ ಬೀಗ, "ರಿಪೇರಿ ಸಲುವಾಗಿ" ಅಂತ ಬೋರ್ಡ್. ರಿಪೇರಿ ಮಾಡೋ ವೆಲ್ಡರ್ ನಮ್ಮ ಜೋಡಿ ಗೇಟಿನ ಹೊರಗ ನಿಂತಿದ್ದ.

ನಾವೇನು ಕೇಳಿದ್ವಿ ಅಂತ ನಿಮ್ಮ ವರದಿಗಾರರಿಗೆ ಯಾರೂ ಹೇಳಿಲ್ಲ ಅನಸ್ತೈತಿ. ಕೋಚ್‌ನ ಯಾಕ ತೆಗದ್ರಿ, ಹಗ್ಗ ಹಾರ್ನೆಸ್ ಯಾವಾಗ ತಂದಿದ್ದು ಯಾವಾಗ ಚೆಕ್ ಮಾಡಿದ್ದು ಅಂತ ಬರದಿಡೋ ರಿಜಿಸ್ಟರ್ ಎಲ್ಲೈತಿ, ಹೋದ ವರ್ಷದ ಲೆಕ್ಕ ತೋರಿಸ್ರಿ, ಇಷ್ಟ. ಉತ್ತರ ಒಂದ: ನೀವು ಸಂಘದ ಸದಸ್ಯರಲ್ಲ.

ಇದು ಖರೆ. ನಾವು ಸದಸ್ಯರಲ್ಲ, ಗಂಟು ಬಿದ್ದಿರೋದೂ ಇಲ್ಲೇ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ರ ಸಂಘ ರಿಜಿಸ್ಟರ್ ಆಗ್ತೈತಿ. ನಮ್ಮ ಸಂಘದಾಗ ಶುರುವಿನಾಗ ಸಹಿ ಮಾಡಿದವರ ಇವತ್ತಿಗೂ ಸದಸ್ಯರು, ಅವರ ಕಮಿಟಿ, ಅವರ ಮಹಾಸಭೆ. ವರ್ಷಕ್ಕೊಂದು ಸರ್ವಸಾಧಾರಣ ಸಭೆ ಮಾಡಬೇಕು, ಎರಡು ಸಭೆ ನಡುವ ಹದಿನೈದು ತಿಂಗಳು ದಾಟಬಾರದು, ಸಭೆ ಆದ ಹದಿನಾಲ್ಕು ದಿನದಾಗ ಆಡಿಟ್ ಆದ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್‌ಗೆ ಕೊಡಬೇಕು ಅಂತ ಕಾಯ್ದೆ ಹೇಳ್ತೈತಿ. ಆ ಸಭೆ ಒಬ್ಬರ ಮನಿ ಹಾಲ್‌ನಾಗ ಚಾ ಕುಡಿಯೋದ್ರೊಳಗ ಮುಗದ್ರೂ ಕಾಗದದ ಮ್ಯಾಲ ಎಲ್ಲಾ ಸರಿ ಇರ್ತೈತಿ. ಅದ ಕಾಯ್ದೆಯ 25ನೇ ಕಲಂನಾಗ ಸದಸ್ಯರ ಮೂರನೇ ಒಂದು ಭಾಗ ಅರ್ಜಿ ಕೊಟ್ರ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು ಅಂತ ಐತಿ. ಆದ್ರ ಅರ್ಜಿ ಕೊಡಾಕ ಮೊದಲು ಸದಸ್ಯ ಆಗಿರಬೇಕಲ್ರೀ. ನೂರು ಪಾಲಕರು ಹೋಗಿ ನಿಂತ್ರೂ ಆ ಲೆಕ್ಕದಾಗ ನಾವು ಸೊನ್ನಿ. ಸದಸ್ಯತ್ವ ಕೊಡೋದು ಬಿಡೋದು ಯಾರ ಕೈಯಾಗ ಐತಿ ಅಂದ್ರ ಅದ ಕಮಿಟಿ ಕೈಯಾಗ.

ರಿಜಿಸ್ಟ್ರಾರ್ ತಾವಾಗೇ ವಿಚಾರಣೆ ಮಾಡಬಹುದು, ಅದಕ್ಕೂ ಅದ ಕಲಂನಾಗ ಅವಕಾಶ ಐತಿ. ಜಿಲ್ಲಾದಾಗ ಈ ರಿಜಿಸ್ಟ್ರಾರ್ ಕೆಲಸ ನೋಡೋ ಕೊಪ್ಪಳದ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ನಾವು ಮನವಿ ಕೊಟ್ಟೀವಿ, ಸಂಘ ಸಲ್ಲಿಸಿದ ಲೆಕ್ಕಪತ್ರದ ನಕಲು ಬೇಕು ಅಂತ ಮಾಹಿತಿ ಹಕ್ಕಿನಾಗ ಅರ್ಜಿನೂ ಹಾಕೀವಿ. ಇದನ್ನ ರಾಜಕೀಯ ಅಂತ ಕರದ್ರ ಕರೀರಿ.

ನಮ್ಮ ಕಡೆ ಮಂದಿಗೆ ಇದು ಹೊಸದೇನಲ್ಲ ನೋಡ್ರಿ. ಪಕ್ಕದ ಗದಗ ಜಿಲ್ಲಾ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಪಾಟೀಲರು ರೈತರನ್ನ ಸೇರಿಸಿ ಸಹಕಾರಿ ಸಂಘ ಕಟ್ಟಿದ್ರು, ಇವತ್ತಿಗೂ ನಮ್ಮ ಹಳ್ಳಿ ಸೊಸೈಟಿಯಾಗ ಶೇರ್ ಹಾಕಿದ ಸಣ್ಣ ರೈತಗೂ ಒಂದ ವೋಟು, ನೂರು ಎಕರೆ ಸಾಹುಕಾರಗೂ ಒಂದ ವೋಟು. ಅಲ್ಲಿ ಜಗಳ ಇಲ್ಲಂತಲ್ಲ, ಇಲೆಕ್ಷನ್ ಬಂತಂದ್ರ ಊರ ಎರಡು ಭಾಗ ಆಗ್ತೈತಿ, ಆದ್ರ ಲೆಕ್ಕ ಕೇಳಿದವಗ ನೀ ಯಾರು ಅನ್ನೂದಿಲ್ಲ. ಸರ್ಕಾರಿ ಶಾಲಿ ತಗೋರಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಾಗ ನಾಲ್ಕರಾಗ ಮೂರು ಪಾಲು ಪಾಲಕರ ಇರಬೇಕು, ಅರ್ಧಷ್ಟು ಹೆಣ್ಮಕ್ಕಳು ಇರಬೇಕು. ಬಿಸಿಯೂಟದ ಬ್ಯಾಳಿ ನೋಡಾಕ ಪಾಲಕರು ಬೇಕು, ಎತ್ತರದಾಗ ಜೋತುಬೀಳೋ ಹಗ್ಗ ನೋಡಾಕ ಬ್ಯಾಡಂದ್ರ ಹೆಂಗ.

ಕಮಿಟಿಯವರ ಹೆದರಿಕಿ ನನಗ ತಿಳಿಯೂದಿಲ್ಲಂತಲ್ಲ. ಪಾಲಕರನ್ನ ಒಳಗ ಬಿಟ್ರ ತಮ್ಮ ತಮ್ಮ ಮಕ್ಕಳನ್ನ ಟೀಮಿಗೆ ಹಾಕ್ರಿ ಅಂತ ಕುಂದರ್ತಾರ ಅಂತ ಅಧ್ಯಕ್ಷರು ಅಂದಿದ್ದು ಕೇಳೀನಿ. ಅಂಥ ಒಬ್ಬಿಬ್ಬರು ನಮ್ಮೊಳಗೂ ಅದಾರ, ಮಗ ಸೋತ್ರ ಗೋಡಿ ಮ್ಯಾಲ ಏರೋ ದಾರಿ, ಅಂದ್ರ ರೂಟ್, ಹಾಕಿದವನ್ನ ಬೈತಾರ. ಅದಕ್ಕ ಮದ್ದು ಐತಿ, ಟೀಮ್ ಆಯ್ಕೆ ಪೂರಾ ಕೋಚ್ ಕೈಯಾಗ ಬಿಡ್ರಿ, ಪಾಲಕರೂ ಮಾತಾಡಬಾರದು ಕಮಿಟಿನೂ ಮಾತಾಡಬಾರದು ಅಂತ ಸಂಘದ ನಿಯಮದಾಗ, ಅಂದ್ರ ಬೈಲಾದಾಗ, ಬರೀರಿ. ಅಧ್ಯಕ್ಷರು ಈ ಸಂಸ್ಥೆಗೆ ಸ್ವಂತ ರೊಕ್ಕ ಹಾಕ್ಯಾರ, ಬಾಡಿಗಿ ಕಟ್ಟಾಕ ಸಂಘದ ಹತ್ರ ರೊಕ್ಕ ಇಲ್ಲದ ತಿಂಗಳು ತಾವೇ ಕಟ್ಯಾರ, ಅದನ್ನ ಯಾರೂ ಮರ್ತಿಲ್ಲ. ಆದ್ರ ರೊಕ್ಕ ಹಾಕಿದವರದು ಸಂಸ್ಥೆ ಅನ್ನೋದಾದ್ರ ಅದು ಅಂಗಡಿ ಆತು, ಅಂಗಡಿ ಅಂತ ಬೋರ್ಡ್ ಹಾಕ್ರಿ, ನಾವು ಗಿರಾಕಿ ಹಂಗ ಬಿಲ್ಲು ಕೇಳ್ತೀವಿ.

ಪ್ರತಿ ಫಂಕ್ಷನ್‌ನಾಗ ಭಾಷಣದೊಳಗ ಒಲಿಂಪಿಕ್ಸ್ ಬರ್ತೈತಿ. ಬರ್ಲಿ. ಟೋಕಿಯೋದಾಗ 2021ರಾಗ ಮೊದಲ ಸಲ ಸ್ಪೋರ್ಟ್ ಕ್ಲೈಂಬಿಂಗ್ ಸೇರಿತು, 2024ರ ಪ್ಯಾರಿಸ್‌ನಾಗ 15 ಮೀಟರ್ ಗೋಡಿನ 5 ಸೆಕೆಂಡಿನ ಒಳಗ ಏರಿದ್ದು ನೋಡಿ ನಮ್ಮ ಹುಡುಗ್ರು ಕುಣದಾಡಿದ್ರು, 2028ರ ಲಾಸ್ ಏಂಜಲೀಸ್‌ನಾಗ ಬೋಲ್ಡರಿಂಗ್ (ಹಗ್ಗ ಇಲ್ಲದ ಸಣ್ಣ ಗೋಡಿ), ಲೀಡ್ (ಹಗ್ಗ ಕಟ್ಕೊಂಡು ಎತ್ತರದ ಗೋಡಿ), ಸ್ಪೀಡ್ (ಯಾರು ಬೇಗ ಏರ್ತಾರ ಅನ್ನೋದು) ಮೂರಕ್ಕೂ ಬ್ಯಾರೆ ಬ್ಯಾರೆ ಮೆಡಲ್. ನನ್ನ ಮಗಳಿಗೆ ಅದೆಲ್ಲ ಬ್ಯಾಡಂತ, ಸಾಣಾಪುರದಾಗ ಫಾರಿನ್ ಮಂದಿ ಏರೋ ಒಂದು ಬಂಡೆ ಐತಿ, ಅದನ್ನ ಏರಬೇಕಂತ. ಗೇಟಿಗೆ ಬೀಗ ಬಿದ್ದಾಗಿಂದ ಹುಡುಗ್ರು ಸಂಜಿ ಗುಡ್ಡದ ಕಡೆ ಹೊಂಟಾರ, ಗಾದಿ ಇಲ್ಲ, ಕೆಳಗ ನಿಂತು ನೋಡೋರು ಇಲ್ಲ, ಚಿತ್ರದುರ್ಗದ ಜ್ಯೋತಿರಾಜ್ ಹಗ್ಗ ಇಲ್ಲದ ಕೋಟೆ ಗೋಡಿ ಏರೋ ವಿಡಿಯೋ ಎಲ್ಲರ ಮೊಬೈಲ್‌ನಾಗೂ ಐತಿ. ಕಮಿಟಿ, ಪಾಲಕರು, ಅಧಿಕಾರಿಗಳು ಯಾರಿಗಾದ್ರೂ ಅರ್ಜೆಂಟ್ ಅನ್ನಿಸಬೇಕಾದ್ರ ಇದೊಂದು ಸಾಕಾಗಿತ್ತು.

ಹಂಗಾಗಿ ನಿಮ್ಮ ಪೇಪರ್ ಮೂಲಕ ಕೇಳೋದು ಇಷ್ಟ. ಗೇಟ್ ಮೊದಲು ತೆಗೀರಿ, ಆದ್ರ ಹೊರಗಿನಿಂದ ತಿಳಿದವರೊಬ್ಬರನ್ನ ಕರಿಸಿ ಹಗ್ಗ, ಹಾರ್ನೆಸ್, ಗೋಡಿ ಮ್ಯಾಲ ಹಗ್ಗ ತಡಿಯೋ ಆಂಕರ್ ಎಲ್ಲಾ ನೋಡಿಸಿ ಬರದ ಕೊಡೋವರೆಗೂ ಹಗ್ಗದ ಗೋಡಿ ಬಂದ್ ಇರ್ಲಿ, ಗಾದಿ ಮ್ಯಾಲಿನ ಸಣ್ಣ ಗೋಡಿ ಅಷ್ಟ ನಡೀಲಿ. ಸಹಿ ಫಾರಂ ವಾಪಸ್ ತಗೋರಿ. ಒಂದು ವರ್ಷ ರೊಕ್ಕ ಕಟ್ಟಿದ ಪ್ರತಿ ಮನಿಗೂ ಸದಸ್ಯತ್ವ, ಒಂದು ಮನಿಗೆ ಒಂದು ವೋಟು ಅಂತ ಬೈಲಾ ತಿದ್ದುಪಡಿ ಮಾಡ್ರಿ, ಬಡವರ ಮಕ್ಕಳು ಫ್ರೀ ಬರ್ತಾರಲ್ಲ, ಅವರ ಮನಿಗೂ ಅದ ವೋಟು. ಕೋಚ್‌ಗೆ ಕೊಟ್ಟ ನೋಟಿಸ್ ಬಗ್ಗೆ ಆ ಸಭೆಯಾಗ ಎಲ್ಲರ ಮುಂದ ಮಾತಾಡೋಣು, ಅವನೂ ಇರ್ಲಿ.

ನಿಮ್ಮ ವರದಿಗಾರರು ಇನ್ನೊಮ್ಮೆ ಬಂದ್ರ ರಸೀದಿ, ನೋಟಿಸ್ ನಕಲು, ಆ ಫಾರಂ ಮೂರೂ ತೋರಿಸ್ತೀವಿ. ಕೊಯ್ದ ಹಗ್ಗದ ಒಂದು ತುಂಡೂ ನಮ್ಮ ಹತ್ರ ಐತಿ, ಬೇಕಂದ್ರ ಅವರೇ ಮಡಚಿ ನೋಡ್ಲಿ.

ಇಂತಿ,
ಒಬ್ಬ ಪಾಲಕ
ಗಂಗಾವತಿ, ಕೊಪ್ಪಳ ಜಿಲ್ಲೆ