ಟ್ರೇಲರ್ ಕೊಳ್ಳುವ ಮೊದಲು ತೂಕ ಕೂಡಿ ನೋಡಿ

ಸಂಪಾದಕರೇ,

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ರೇಸ್ ಟ್ರ್ಯಾಕಿನ ಹುಚ್ಚು ಹತ್ತಿದವರೂ ಇದ್ದಾರೆ. ಸ್ಪೋರ್ಟ್ಸ್ ಕಾರನ್ನು ಎಳೆದೊಯ್ಯಲು ಮುಚ್ಚಿದ ಟ್ರೇಲರ್ ಕೊಳ್ಳುವಾಗ ಉದ್ದ, ಬಣ್ಣ, ಬೆಲೆ ಎಲ್ಲ ವಿಚಾರಿಸುತ್ತಾರೆ, ತೂಕದ ಲೆಕ್ಕ ಮಾತ್ರ ಕೇಳುವುದೇ ಇಲ್ಲ. ಅದಕ್ಕೇ ಈ ಪತ್ರ.

24 ಅಡಿಯ ಉಕ್ಕಿನ ಟ್ರೇಲರ್ ಖಾಲಿ ಇದ್ದಾಗಲೇ ಸುಮಾರು 1,700 ಕೆಜಿ ತೂಗುತ್ತದೆ. ಪೋರ್ಷೆ 911 ಸುಮಾರು 1,500 ಕೆಜಿ. ಅಲ್ಲಿಗೆ 3,200 ಆಯ್ತು. ಅಗ್ಗದ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಇರುವ ತಲಾ 3,500 ಪೌಂಡ್ ಹೊರುವ ಎರಡು ಆಕ್ಸಲ್‌ಗಳು (ಚಕ್ರದ ಅಚ್ಚುಗಳು) ಸೇರಿ ಹೊರುವುದು 3,175 ಕೆಜಿ ಮಾತ್ರ. ಇನ್ನು ಟೈರು, ಜ್ಯಾಕ್, ಟೂಲ್ ಬಾಕ್ಸ್ ಎಲ್ಲಿ ಇಡುತ್ತೀರಿ? 5,200 ಪೌಂಡಿನ ಆಕ್ಸಲ್ ಇರುವುದನ್ನೇ ಕೇಳಿ. ದುಡ್ಡಿದ್ದರೆ ಅಲ್ಯೂಮಿನಿಯಂ ಒಳ್ಳೆಯದು, ಎಳೆಯುವ ಪಿಕಪ್‌ಗೂ ಹಗುರ.

ಕಾರು ಒಳಗೆ ಹೋದ ಮೇಲೆ ನೀವು ಹೊರಗೆ ಬರಬೇಕಲ್ವಾ? ಟ್ರೇಲರ್ ಚಕ್ರದ ಮೇಲಿನ ಪೆಟ್ಟಿಗೆ ಅಡ್ಡ ಬಂದು ಕಾರಿನ ಬಾಗಿಲು ಗೇಣಷ್ಟು ತೆರೆದರೆ ಹೆಚ್ಚು, ಕಿಟಕಿಯಿಂದ ತೂರಿ ಬರಬೇಕಾಗುತ್ತದೆ. ಎಡಗೋಡೆಯಲ್ಲಿ ಅಗಲವಾದ ಎಸ್ಕೇಪ್ ಡೋರ್ ಇರಲಿ. ರ‍್ಯಾಂಪ್ ಕಡಿದಾಗಿದ್ದರೆ ಮುಂದಿನ ಬಂಪರ್ ಉಜ್ಜಿ ಹೋಗುತ್ತದೆ.

ಒಟ್ಟು ತೂಕದ 10ರಿಂದ 15 ಶೇಕಡಾ ಹಿಚ್ ಮೇಲೆ, ಅಂದರೆ ಪಿಕಪ್‌ಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಬೀಳಬೇಕು. ಹಿಂಭಾರವಾದರೆ ಹೈವೇಯಲ್ಲಿ ಟ್ರೇಲರ್ ಓಲಾಡುತ್ತದೆ, ಮುಚ್ಚಿದ್ದಕ್ಕೆ ಅಡ್ಡಗಾಳಿಯ ಹೊಡೆತವೂ ಜಾಸ್ತಿ. ನೀವು ಕೊಳ್ಳಲಿರುವ ಟ್ರೇಲರ್‌ನಲ್ಲಿ ಕಾರನ್ನು ಹಿಂದೆ ಮುಂದೆ ಸರಿಸಿ ಕಟ್ಟಲು ಜಾಗ ಇದೆಯಾ ನೋಡಿ.

ಮುಂಗಡ ಕೊಡುವ ಮೊದಲು ನಿಮ್ಮ ಕಾರನ್ನೇ ಅಂಗಡಿಗೆ ಒಯ್ದು ಹತ್ತಿಸಿ ನೋಡಿ. ಅದಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ.

– ಒಬ್ಬ ಓದುಗ, ಆಸ್ಟಿನ್, ಟೆಕ್ಸಾಸ್