ಕಾಗೊಮೆ ಚರ್ಚೆಗೆ ಮುಂಚೆ ಇದನ್ನು ಓದಿ

ಗೆಳೆಯರೇ, ಮುಂದಿನ ಚರ್ಚೆ ಕಾಗೊಮೆ ಲೋಹಗಳ (ಪರಮಾಣುಗಳು ಮೂಲೆ ತಾಗಿದ ತ್ರಿಕೋನಗಳ ಜಾಲರಿಯಲ್ಲಿ ಕೂತಿರುವ ಲೋಹಗಳು) ಸೂಪರ್‌ಕಂಡಕ್ಟಿವಿಟಿ ಬಗ್ಗೆ. ಸೀಸಿಯಂ, ವನೇಡಿಯಂ, ಆಂಟಿಮನಿ ಸೇರಿದ ಲೋಹವನ್ನೇ ಇಟ್ಟುಕೊಳ್ಳೋಣ. ಸುಮಾರು 94 ಕೆಲ್ವಿನ್‌ನಲ್ಲಿ ಅದರಲ್ಲಿ ಚಾರ್ಜ್ ಅಲೆ, ಅಂದರೆ ಎಲೆಕ್ಟ್ರಾನ್ ದಟ್ಟಣೆ ಅಲೆಯಂತೆ ಏರಿಳಿಯುವ ಕ್ರಮ, ಮೂಡುತ್ತದೆ. 2.5 ಕೆಲ್ವಿನ್‌ಗೆ ಇಳಿದರೆ ವಿದ್ಯುತ್ ರೋಧ ಸೊನ್ನೆ, ಅದೇ ಸೂಪರ್‌ಕಂಡಕ್ಟಿವಿಟಿ.

ಜಾಸ್ತಿ ಗಮನ ಬೇಕಿರುವುದು ಇಲ್ಲಿ. ಫರ್ಮಿ ಮಟ್ಟದ (ಎಲೆಕ್ಟ್ರಾನ್ ತುಂಬಿರುವ ಶಕ್ತಿಯ ಮೇಲಂಚು) ಹತ್ತಿರ ವಾನ್ ಹೋವ್ ಬಿಂದುಗಳಿವೆ, ಅಂದರೆ ಎಲೆಕ್ಟ್ರಾನ್ ಸ್ಥಿತಿಗಳು ತುಂಬಾ ಒತ್ತಾಗಿರುವ ಜಾಗಗಳು. ಈ ಬಿಂದುಗಳ ಎಲೆಕ್ಟ್ರಾನ್‌ಗಳು ಬೇರೆ ಬೇರೆ ಉಪಜಾಲರಿಗಳಲ್ಲಿ (ತ್ರಿಕೋನದ ಒಂದೊಂದು ಮೂಲೆಯ ಪರಮಾಣುಗಳ ಗುಂಪು) ಕೂತಿರಬಹುದು. ಆಗ ಒಂದೇ ಪರಮಾಣುವಿನೊಳಗಿನ ವಿಕರ್ಷಣೆಯ ಪ್ರಭಾವ ಕುಗ್ಗುತ್ತದೆ, ಪಕ್ಕದ ಪರಮಾಣುಗಳ ನಡುವಿನದ್ದು ಮುಖ್ಯವಾಗುತ್ತದೆ. ಎಷ್ಟು ಚೆಂದದ ವಿಚಾರ ಅಲ್ವಾ! ಹಾಗಾಗಿ ಚೌಕ ಜಾಲರಿಯ ಲೆಕ್ಕವನ್ನು ಸುಮ್ನೆ ಇಲ್ಲಿಗೆ ತರಬೇಡಿ.

ಹಲವು ಪ್ರಯೋಗಗಳಲ್ಲಿ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಜೋಡಿ ಒಡೆಯಲು ಬೇಕಾದ ಶಕ್ತಿ, ಯಾವ ದಿಕ್ಕಿನಲ್ಲೂ ಸೊನ್ನೆಯಾಗಿಲ್ಲ. ಅಷ್ಟಕ್ಕೇ ಎಲೆಕ್ಟ್ರಾನ್ ಜೋಡಣೆ ಮಾಮೂಲಿ ಎನ್ನಲಾಗದು. ಕೈರಲ್ ಡಿ-ಅಲೆ (ಜೋಡಿಯ ಅಲೆಯ ಹಂತ ದಿಕ್ಕಿನೊಂದಿಗೆ ಒಂದೇ ಕಡೆಗೆ ಸುತ್ತುವ) ಜೋಡಣೆಯಲ್ಲೂ ಪೂರ್ಣ ಗ್ಯಾಪ್ ಸಾಧ್ಯ. ಮಾಮೂಲಿ, ಕೈರಲ್ ಎರಡನ್ನೂ ಬೇರ್ಪಡಿಸುವ ಪ್ರಯೋಗ ಯಾವುದು? ಯೋಚಿಸಿಕೊಂಡು ಬನ್ನಿ.